ಫೈರ್‌ವಾಲ್‌ನಲ್ಲಿ ವಿಳಾಸಗಳ ಪಟ್ಟಿ: ಯಾವುದಕ್ಕೆ ಯಾವ ಸೆಟ್?

ಮೈಸೂರಿನ ಹೆಬ್ಬಾಳದ ಸಣ್ಣ ಕಾರ್ಖಾನೆ, ಸರಸ್ವತಿಪುರಂನ ಆಡಿಟರ್ ಕಚೇರಿ, ಮಂಡ್ಯದ ಬೆಲ್ಲದ ಮಂಡಿ. ಇಂಥ ಕಡೆಗೆಲ್ಲ ಈಗ ಫೈಬರ್ ಇಂಟರ್‌ನೆಟ್ ಬಂದಿದೆ. ಮನೆಯಲ್ಲಿ ಕೂತು ಲೆಕ್ಕ ನೋಡಬೇಕು, ಊರಿಗೆ ಹೋದಾಗ ಮೊಬೈಲ್‌ನಲ್ಲೇ ಅಂಗಡಿಯ ಸಿಸಿಟಿವಿ ನೋಡಬೇಕು ಅನ್ನುವ ಆಸೆಯೂ ಜೊತೆಗೇ ಬಂದಿದೆ. ಅದಕ್ಕಾಗಿ ಸ್ಟ್ಯಾಟಿಕ್ ಐಪಿ (ಬದಲಾಗದ ಇಂಟರ್‌ನೆಟ್ ವಿಳಾಸ) ತೆಗೆದುಕೊಂಡು ಹೊರಗಿನಿಂದ ಒಳಗೆ ಬರಲು ಒಂದು ಪೋರ್ಟ್, ಅಂದರೆ ನಂಬರ್ ಇರುವ ಬಾಗಿಲು, ತೆರೆಯುತ್ತಾರೆ. ತೆರೆದ ದಿನವೇ ಲಾಗ್ ಫೈಲ್ ತೆಗೆದು ನೋಡಿ. 203.0.113.77 ವಿಳಾಸದಿಂದ ರೂಟ್ ಹೆಸರಿನಲ್ಲಿ ಲಾಗಿನ್ ಪ್ರಯತ್ನ, ಪಾಸ್‌ವರ್ಡ್ ತಪ್ಪು. ಅದೇ ವಿಳಾಸದಿಂದ ಅಡ್ಮಿನ್ ಹೆಸರಿನಲ್ಲಿ ಇನ್ನೊಂದು. ಆಮೇಲೆ ಟೆಸ್ಟ್, ಆಮೇಲೆ ಯೂಸರ್. ಇಂಥ ಸಾಲುಗಳೇ ಪುಟಗಟ್ಟಲೆ.

ನಿಮ್ಮ ಮೇಲೆ ಯಾರಿಗೋ ಹಗೆ ಇದೆ ಅಂತಲ್ಲ. ಇಂಟರ್‌ನೆಟ್‌ನ ವಿಳಾಸಗಳನ್ನೆಲ್ಲ ಒಂದೊಂದಾಗಿ ತಡಕುತ್ತಾ ಹೋಗುವ ಪ್ರೋಗ್ರಾಂಗಳಿವೆ. ಅವಕ್ಕೆ ಮಂಡ್ಯವೂ ಒಂದೇ, ಮ್ಯಾಡ್ರಿಡ್ಡೂ ಒಂದೇ.

ಇಂಥ ವಿಳಾಸಗಳನ್ನು ಫೈರ್‌ವಾಲ್‌ನಲ್ಲಿ, ಅಂದರೆ ನೆಟ್‌ವರ್ಕ್‌ನ ಒಳಗೆ ಹೊರಗೆ ಹೋಗುವುದನ್ನು ತಪಾಸಣೆ ಮಾಡುವ ಕಾವಲಿನಲ್ಲಿ, ತಡೆಯಬಹುದು. ಲಿನಕ್ಸ್ ಸರ್ವರ್ ಆದರೆ ಅದಕ್ಕೆ ಐಪಿಸೆಟ್ ಎಂಬ ಸೌಲಭ್ಯ ಇದೆ. ಆದರೆ ಪಟ್ಟಿ ಮಾಡಲು ಹೊರಟ ಕೂಡಲೇ ಅದು ಕೇಳುವ ಮೊದಲ ಪ್ರಶ್ನೆಗೇ ಜನ ತಬ್ಬಿಬ್ಬಾಗುತ್ತಾರೆ: ಯಾವ ಬಗೆಯ ಸೆಟ್ ಬೇಕು? ಬಿಟ್‌ಮ್ಯಾಪ್:ಐಪಿ, ಹ್ಯಾಶ್:ಐಪಿ, ಹ್ಯಾಶ್:ನೆಟ್, ಹ್ಯಾಶ್:ಐಪಿ,ಪೋರ್ಟ್... ಹೀಗೆ ಹತ್ತಕ್ಕೂ ಹೆಚ್ಚು ಹೆಸರುಗಳಿವೆ. ಒಮ್ಮೆ ಆರಿಸಿದ ಮೇಲೆ ಬಗೆ ಬದಲಾಯಿಸುವಂತಿಲ್ಲ. ಹೊಸ ಸೆಟ್ಟೇ ಮಾಡಬೇಕು. ಹಾಗಾಗಿ ಮೊದಲೇ ತಿಳಿದುಕೊಂಡರೆ ಒಳ್ಳೆಯದು.

(192.0.2, 198.51.100, 203.0.113 ಎಂದು ಶುರುವಾಗುವ ವಿಳಾಸಗಳನ್ನು ಉದಾಹರಣೆ ಕೊಡಲೆಂದೇ ಮೀಸಲಿಟ್ಟಿದ್ದಾರೆ. ಇಲ್ಲಿ ಅವನ್ನೇ ಬಳಸಿದ್ದೇನೆ. ಅವು ಯಾರ ಮನೆಯ ವಿಳಾಸವೂ ಅಲ್ಲ.)

## ವಿಳಾಸ ಅಂದರೇನು, ಬ್ಲಾಕ್ ಅಂದರೇನು

ನಾವು ಜಾಸ್ತಿ ನೋಡುವ ಐಪಿವಿ4 ವಿಳಾಸದಲ್ಲಿ ನಾಲ್ಕು ಸಂಖ್ಯೆಗಳಿರುತ್ತವೆ. ಪ್ರತಿಯೊಂದೂ 0ರಿಂದ 255ರ ಒಳಗೆ. ಕಂಪ್ಯೂಟರ್‌ಗೆ ಇದು 32 ಬಿಟ್‌ಗಳ ಒಂದು ಸಾಲು, ಅಷ್ಟೇ. ಲೆಕ್ಕ ಹಾಕಿದರೆ ಒಟ್ಟು ಸುಮಾರು 429 ಕೋಟಿ ವಿಳಾಸಗಳಾಗುತ್ತವೆ.

ಇವನ್ನು ಕಂಪನಿಗಳಿಗೆ ಬಿಡಿಬಿಡಿಯಾಗಿ ಕೊಡುವುದಿಲ್ಲ. ಗುಂಪು ಗುಂಪಾಗಿ ಕೊಡುತ್ತಾರೆ. ಆ ಗುಂಪಿಗೆ ಬ್ಲಾಕ್ ಎನ್ನುತ್ತಾರೆ. 203.0.113.0/24 ಎಂದು ಬರೆದರೆ ಮೊದಲ 24 ಬಿಟ್‌ಗಳು ಗಟ್ಟಿ, ಉಳಿದ 8 ಬಿಟ್‌ಗಳು ಏನಾದರೂ ಇರಬಹುದು ಎಂದರ್ಥ. ಅಂದರೆ 203.0.113.0ರಿಂದ 203.0.113.255ರವರೆಗೆ 256 ವಿಳಾಸ. /16 ಎಂದರೆ 65,536 ವಿಳಾಸ. /32 ಎಂದರೆ ಒಂದೇ ಒಂದು. ಓರೆಗೆರೆಯ ಮುಂದಿನ ಅಂಕಿ ದೊಡ್ಡದಾದಷ್ಟೂ ಬ್ಲಾಕ್ ಚಿಕ್ಕದು. ಮೊದಮೊದಲು ಇದು ಎಲ್ಲರಿಗೂ ಉಲ್ಟಾ ಅನಿಸುತ್ತದೆ.

ವಾಹನಗಳ ನಂಬರ್ ಪ್ಲೇಟ್ ನೆನಪಿಸಿಕೊಂಡರೆ ಸುಲಭ. ಕೆಎ ಎಂದರೆ ಇಡೀ ಕರ್ನಾಟಕ. ಕೆಎ-11 ಎಂದರೆ ಮಂಡ್ಯ, ಕೆಎ-09 ಎಂದರೆ ಮೈಸೂರು ಪಶ್ಚಿಮ, ಕೆಎ-55 ಎಂದರೆ ಮೈಸೂರು ಪೂರ್ವ. ಅದರ ಮುಂದೆ ಸೀರೀಸ್‌ನ ಅಕ್ಷರಗಳು, ಕೊನೆಗೆ ನಾಲ್ಕಂಕಿ. ಎಡಗಡೆಯಿಂದ ಎಷ್ಟು ಭಾಗ ಓದುತ್ತೀರೋ ಅಷ್ಟು ಗುಂಪು ಚಿಕ್ಕದಾಗುತ್ತಾ ಬರುತ್ತದೆ. ಪೂರ್ತಿ ಓದಿದರೆ ಒಂದೇ ಗಾಡಿ.

ಈಗ ಒಂದು ಅಪಾರ್ಟ್‌ಮೆಂಟ್‌ನ ಗೇಟಿನಲ್ಲಿ ವಾಚ್‌ಮನ್ ಇದ್ದಾರೆ ಎಂದುಕೊಳ್ಳಿ. ಯಾವ ಗಾಡಿಗಳನ್ನು ಒಳಗೆ ಬಿಡಬಾರದು ಎಂಬ ಪಟ್ಟಿ ಅವರ ಕೈಯಲ್ಲಿದೆ. ಗಾಡಿ ಬಂದಾಗಲೆಲ್ಲ ಪಟ್ಟಿ ನೋಡಬೇಕು. ಪಟ್ಟಿಯನ್ನು ಹೇಗೆ ಬರೆದಿಟ್ಟುಕೊಂಡರೆ ಬೇಗ ಸಿಗುತ್ತದೆ? ಸೆಟ್‌ನ ಬಗೆ ಆರಿಸುವುದು ಎಂದರೆ ಇದೇ ಪ್ರಶ್ನೆ. ಈ ವಾಚ್‌ಮನ್ ಕೊನೆವರೆಗೂ ನಮ್ಮ ಜೊತೆಗಿರಲಿ.

## ಒಂದೊಂದು ವಿಳಾಸಕ್ಕೂ ಒಂದೊಂದು ರೂಲ್ ಬರೆದರೆ ಸಾಲದಾ?

ಹತ್ತಿಪ್ಪತ್ತು ವಿಳಾಸಗಳಿದ್ದರೆ ಧಾರಾಳವಾಗಿ ಸಾಕು. ಲಿನಕ್ಸ್‌ನ ಫೈರ್‌ವಾಲ್ ಆದ ಐಪಿಟೇಬಲ್ಸ್ 2001ರಲ್ಲಿ ಕರ್ನೆಲ್ (ಲಿನಕ್ಸ್‌ನ ತಿರುಳು) 2.4ರ ಜೊತೆ ಬಂತು. ಅದು ರೂಲ್‌ಗಳನ್ನು ಮೇಲಿನಿಂದ ಕೆಳಗೆ ಒಂದೊಂದಾಗಿ ನೋಡುತ್ತದೆ. ಹೊಂದಿಕೆಯಾದರೆ ಅಲ್ಲಿಗೆ ನಿಲ್ಲುತ್ತದೆ.

ತೊಂದರೆ ಇರುವುದೂ ಅಲ್ಲೇ. 5,000 ತಡೆ ರೂಲ್‌ಗಳಿವೆ ಎಂದಿಟ್ಟುಕೊಳ್ಳಿ. ತಡೆಯಬೇಕಾದ ಪ್ಯಾಕೆಟ್ (ನೆಟ್‌ವರ್ಕ್‌ನಲ್ಲಿ ಬರುವ ಮಾಹಿತಿಯ ಒಂದು ತುಣುಕು) ಬಂದರೆ 40ನೇ ಸಾಲಿನಲ್ಲೋ 900ನೇ ಸಾಲಿನಲ್ಲೋ ಸಿಕ್ಕಿಬೀಳುತ್ತದೆ. ಆದರೆ ನಿಮ್ಮ ಗಿರಾಕಿಯ ಪ್ಯಾಕೆಟ್ ಬಂದರೆ? ಅದು ಪಟ್ಟಿಯಲ್ಲಿಲ್ಲ ಎಂದು ಖಾತ್ರಿಯಾಗಲು 5,000 ಸಾಲೂ ನೋಡಲೇಬೇಕು. ಕಳ್ಳನಿಗೆ ಕಡಿಮೆ ಕೆಲಸ, ಸಾಚಾ ಮನುಷ್ಯನಿಗೆ ಪೂರ್ತಿ ತಪಾಸಣೆ.

ಇದಕ್ಕೆ ಉತ್ತರವೇ ಸೆಟ್. ವಿಳಾಸಗಳನ್ನೆಲ್ಲ ಬೇರೆ ಕಡೆ ಒಂದು ಹೆಸರಿನ ಕೆಳಗೆ ಇಟ್ಟು, ರೂಲ್ ಮಾತ್ರ ಒಂದೇ ಬರೆಯುವುದು: ‘ಪ್ಯಾಕೆಟ್ ಕಳಿಸಿದವರ ವಿಳಾಸ ಈ ಸೆಟ್‌ನಲ್ಲಿದ್ದರೆ ಬಿಸಾಡು’. ಐಪಿಸೆಟ್ 2011ರಲ್ಲಿ ಕರ್ನೆಲ್ 2.6.39ರಿಂದ ಲಿನಕ್ಸ್‌ನ ಒಳಗೇ ಸೇರಿದೆ.

ಸೆಟ್‌ನ ಹೆಸರಿನಲ್ಲಿ ಎರಡು ಭಾಗಗಳಿವೆ. ಕೋಲನ್‌ಗೆ ಮೊದಲಿನದು ಬರೆದಿಡುವ ವಿಧಾನ: ಬಿಟ್‌ಮ್ಯಾಪ್, ಹ್ಯಾಶ್, ಅಥವಾ ಲಿಸ್ಟ್. ಆಮೇಲಿನದು ಏನನ್ನು ಬರೆದಿಡುತ್ತೀರಿ ಎಂಬುದು: ಐಪಿ, ನೆಟ್, ಪೋರ್ಟ್, ಮ್ಯಾಕ್. ಇಷ್ಟು ಗೊತ್ತಾದರೆ ಆ ಉದ್ದದ ಹೆಸರುಗಳ ಭಯ ಅರ್ಧ ಹೋಗುತ್ತದೆ.

## ಬಿಟ್‌ಮ್ಯಾಪ್:ಐಪಿ, ಅಕ್ಕಪಕ್ಕದ ವಿಳಾಸಗಳಿಗೆ

ವಾಚ್‌ಮನ್‌ಗೆ ಒಂದು ಅಚ್ಚು ಹಾಕಿದ ಹಾಳೆ ಕೊಟ್ಟಿದ್ದಾರೆ. ಒಂದೇ ಸೀರೀಸ್‌ನ ಎಲ್ಲ ನಾಲ್ಕಂಕಿ ನಂಬರ್‌ಗಳಿಗೂ ಅದರಲ್ಲಿ ಒಂದೊಂದು ಚೌಕ. ತಡೆಯಬೇಕಾದ ಗಾಡಿಯ ಚೌಕಕ್ಕೆ ಟಿಕ್. ಹುಡುಕುವ ಕೆಲಸವೇ ಇಲ್ಲ, ನೇರವಾಗಿ ಆ ಚೌಕಕ್ಕೇ ಕಣ್ಣು ಹಾಯಿಸಿದರೆ ಆಯಿತು. ಆದರೆ ಆ ಸೀರೀಸ್ ಬಿಟ್ಟು ಬೇರೆ ಗಾಡಿಯನ್ನು ಬರೆಯಲು ಹಾಳೆಯಲ್ಲಿ ಜಾಗವೇ ಇಲ್ಲ.

ಬಿಟ್‌ಮ್ಯಾಪ್ ಇದೇ. ಸೆಟ್ ಮಾಡುವಾಗಲೇ ಎಲ್ಲಿಂದ ಎಲ್ಲಿಯವರೆಗೆ ಎಂದು ಹೇಳಬೇಕು. ಗರಿಷ್ಠ 65,536 ವಿಳಾಸ, ಅಂದರೆ ಒಂದು /16. ಒಂದು ವಿಳಾಸಕ್ಕೆ ಒಂದು ಬಿಟ್ ಸಾಕು. ಹಾಗಾಗಿ ಅಷ್ಟಕ್ಕೂ ಬೇಕಾಗುವ ಮೆಮೊರಿ ಬರೀ 8 ಕೆಬಿ. ನಿಮ್ಮ ಕಚೇರಿಯ ಒಳಗಿನ 192.168.1.0/24 ಆದರೆ 256 ಬಿಟ್, ಅಂದರೆ 32 ಬೈಟ್.

ಒಳಗಿನ ನೆಟ್‌ವರ್ಕ್‌ಗೆ ಇದು ಹೇಳಿ ಮಾಡಿಸಿದ ಹಾಗಿದೆ. ಯಾವ ಕಂಪ್ಯೂಟರ್‌ಗಳು ಹೊರಗೆ ಹೋಗಬಹುದು, ಲ್ಯಾಬ್‌ನ ಯಾವ ಯಂತ್ರಗಳಿಗೆ ಇಂಟರ್‌ನೆಟ್ ಬೇಡ, ಇಂಥ ಪಟ್ಟಿಗಳಿಗೆ ಸರಿ. ಹೊರಗಿನ ದಾಳಿಕೋರರ ಪಟ್ಟಿಗೆ ಮಾತ್ರ ಬರುವುದಿಲ್ಲ. ಆ ವಿಳಾಸಗಳು ಪ್ರಪಂಚದ ಮೂಲೆಮೂಲೆಯಿಂದ ಬರುತ್ತವೆ. ಐಪಿವಿ6 ಎಂಬ ಹೊಸ ಬಗೆಯ ಉದ್ದದ ವಿಳಾಸಗಳನ್ನೂ ಬಿಟ್‌ಮ್ಯಾಪ್ ಇಟ್ಟುಕೊಳ್ಳುವುದಿಲ್ಲ.

## ಹ್ಯಾಶ್:ಐಪಿ, ಚದುರಿದ ಒಂಟಿ ವಿಳಾಸಗಳಿಗೆ

ಈ ಸಲ ವಾಚ್‌ಮನ್ ಹತ್ತಿರ ನೂರು ಪುಟದ ಒಂದು ನೋಟ್‌ಬುಕ್. ಗಾಡಿ ನಂಬರಿನ ಕೊನೆಯ ಎರಡಂಕಿ 47 ಆದರೆ 47ನೇ ಪುಟದಲ್ಲಿ ಬರೆಯುತ್ತಾರೆ. ಅದು ಮಂಡ್ಯದ್ದೋ ಮದ್ರಾಸಿನದ್ದೋ ಮುಖ್ಯವಲ್ಲ. ಗಾಡಿ ಬಂದಾಗ ಆ ಒಂದು ಪುಟ ತೆರೆದು, ಅಲ್ಲಿರುವ ನಾಲ್ಕೈದು ನಂಬರ್ ನೋಡಿದರೆ ಸಾಕು. ಪುಟಗಳು ತುಂಬುತ್ತಾ ಬಂದರೆ ದೊಡ್ಡ ನೋಟ್‌ಬುಕ್ ತಂದು ಎಲ್ಲವನ್ನೂ ಹೊಸದಾಗಿ ಹಂಚಿ ಬರೆಯುತ್ತಾರೆ.

ಹ್ಯಾಶ್ ಎಂದರೆ ಇಂಥ ಪುಟ ಸಂಖ್ಯೆ ಕಂಡುಹಿಡಿಯುವ ಲೆಕ್ಕ. ಬರೀ ಕೊನೆಯ ಅಂಕಿ ನೋಡುವುದಿಲ್ಲ, ಇಡೀ ವಿಳಾಸವನ್ನು ಕಲಸಿ ಒಂದು ಸಂಖ್ಯೆ ತೆಗೆಯುತ್ತದೆ. ಸುಮ್ನೆ ಬಿಟ್ಟರೆ ಐಪಿಸೆಟ್ 1,024 ಪುಟಗಳಿಂದ ಶುರುಮಾಡುತ್ತದೆ, ಬೇಕಾದಾಗ ತಾನೇ ದುಪ್ಪಟ್ಟು ಮಾಡಿಕೊಳ್ಳುತ್ತದೆ. ಪಟ್ಟಿಯಲ್ಲಿ ಸಾವಿರ ಇರಲಿ, ಐವತ್ತು ಸಾವಿರ ಇರಲಿ, ಹುಡುಕುವ ಹೊತ್ತು ಹೆಚ್ಚುಕಡಿಮೆ ಒಂದೇ.

ಒಂದು ಮಿತಿ ಇದೆ. ಒಟ್ಟು ಎಷ್ಟು ವಿಳಾಸ ಹಿಡಿಸಬೇಕು ಎಂಬುದನ್ನು ಮ್ಯಾಕ್ಸ್‌ಎಲೆಮ್ ಎಂಬ ಆಯ್ಕೆ ತೀರ್ಮಾನಿಸುತ್ತದೆ. ನೀವು ಏನೂ ಹೇಳದಿದ್ದರೆ ಅದು 65,536. ಪುಟಗಳು ತಾವಾಗಿಯೇ ಹೆಚ್ಚುತ್ತವೆ, ಈ ಮಿತಿ ಹೆಚ್ಚುವುದಿಲ್ಲ.

ಈಗ ಒಂದು ಬಲೆ ನೋಡಿ. ಹ್ಯಾಶ್:ಐಪಿಗೆ ಬ್ಲಾಕ್ ಕೊಟ್ಟರೆ ಬೇಡ ಎನ್ನುವುದಿಲ್ಲ. ಆದರೆ ಬ್ಲಾಕನ್ನು ಬ್ಲಾಕಾಗಿ ಇಡದೆ, ಒಳಗಿನ ವಿಳಾಸಗಳನ್ನು ಒಂದೊಂದಾಗಿ ಬಿಡಿಸಿ ಬರೆಯುತ್ತದೆ. /24 ಕೊಟ್ಟರೆ 256 ನಮೂದು. /16 ಕೊಟ್ಟರೆ 65,536 ನಮೂದು. ಅಲ್ಲಿಗೆ ಸೆಟ್ ಭರ್ತಿ! ಮುಂದಿನ ಒಂದೇ ಒಂದು ವಿಳಾಸಕ್ಕೆ ‘ಹ್ಯಾಶ್ ತುಂಬಿದೆ, ಇನ್ನು ಸೇರಿಸಲಾಗದು’ ಎಂಬ ದೂರು ಬರುತ್ತದೆ. ‘ಹತ್ತೇ ಸಾಲಿನ ಪಟ್ಟಿ ಕೊಟ್ಟೆ, ತುಂಬಿದೆ ಅನ್ನುತ್ತಲ್ಲ’ ಎಂದು ತಲೆ ಕೆರೆದುಕೊಳ್ಳುವವರು ಮೊದಲು ನೋಡಬೇಕಾದದ್ದು ಇದನ್ನೇ.

## ಹ್ಯಾಶ್:ನೆಟ್, ಬ್ಲಾಕ್‌ಗಳಿಗೆ

ದೇಶವಾರು ಪಟ್ಟಿ, ಕುಖ್ಯಾತ ಹೋಸ್ಟಿಂಗ್ ಕಂಪನಿಗಳ ಪಟ್ಟಿ, ಇವೆಲ್ಲ ಬ್ಲಾಕ್‌ಗಳ ರೂಪದಲ್ಲಿ ಬರುತ್ತವೆ. ಅದಕ್ಕೆ ಹ್ಯಾಶ್:ನೆಟ್. /16 ಕೊಟ್ಟರೂ ಒಂದೇ ನಮೂದು, /24 ಕೊಟ್ಟರೂ ಒಂದೇ. ಒಂಟಿ ವಿಳಾಸವನ್ನೂ ಇಡಬಹುದು, ಅದನ್ನು /32 ಎಂದುಕೊಳ್ಳುತ್ತದೆ.

ಹಾಗಿದ್ದರೆ ಎಲ್ಲದಕ್ಕೂ ಇದನ್ನೇ ಬಳಸಿದರೆ ಆಗಲ್ವಾ? ಬಳಸಬಹುದು, ಆದರೆ ಒಳಗೆ ನಡೆಯುವ ಕೆಲಸ ಬೇರೆ.

ವಾಚ್‌ಮನ್ ನೋಟ್‌ಬುಕ್‌ನಲ್ಲಿ ಈಗ ಪೂರ್ತಿ ನಂಬರ್‌ಗಳೂ ಇವೆ, ‘ಈ ಸೀರೀಸ್ ಪೂರ್ತಿ’ ಎಂಬುದೂ ಇದೆ, ‘ಕೆಎ-11 ಪೂರ್ತಿ’ ಎಂಬುದೂ ಇದೆ. ಗಾಡಿ ಬಂತು. ಅದರ ಪೂರ್ತಿ ನಂಬರ್‌ಗೆ ಒಂದು ಪುಟ ತೆರೆದು ನೋಡಬೇಕು. ಇಲ್ಲದಿದ್ದರೆ ಸೀರೀಸ್‌ಗೆ ಇನ್ನೊಂದು ಪುಟ. ಅಲ್ಲೂ ಇಲ್ಲದಿದ್ದರೆ ಜಿಲ್ಲೆಗೆ ಮತ್ತೊಂದು. ಮೂರು ಬಗೆಯ ಉದ್ದಗಳಿದ್ದರೆ ಮೂರು ಸಲ ಪುಟ ತಿರುವಬೇಕು.

ಹ್ಯಾಶ್:ನೆಟ್ ಮಾಡುವುದೂ ಅಷ್ಟೇ. ಸೆಟ್‌ನಲ್ಲಿ 203.0.113.77/32, 192.0.2.0/28, 198.51.100.0/24 ಇವೆ ಎಂದುಕೊಳ್ಳಿ. 198.51.100.9ರಿಂದ ಒಂದು ಪ್ಯಾಕೆಟ್ ಬಂತು. ಕರ್ನೆಲ್ ಮೊದಲು ಕೇಳುತ್ತದೆ: 198.51.100.9/32 ಇದೆಯಾ? ಇಲ್ಲ. 198.51.100.0/28 ಇದೆಯಾ? ಇಲ್ಲ. 198.51.100.0/24 ಇದೆಯಾ? ಇದೆ, ತಡೆ. ಚಿಕ್ಕ ಬ್ಲಾಕ್‌ನಿಂದ ದೊಡ್ಡದರ ಕಡೆಗೆ, ಮೂರು ಪ್ರಶ್ನೆ. ಪಟ್ಟಿಯಲ್ಲಿಲ್ಲದ ವಿಳಾಸವಾದರೆ ಮೂರೂ ಪ್ರಶ್ನೆ ಕೇಳಿಯೇ ಬಿಡಬೇಕು.

ಅಂದರೆ ಇಲ್ಲಿ ವೇಗವನ್ನು ತೀರ್ಮಾನಿಸುವುದು ಪಟ್ಟಿಯ ಉದ್ದ ಅಲ್ಲ. ಎಷ್ಟು ಬೇರೆ ಬೇರೆ ಅಳತೆಯ ಬ್ಲಾಕ್‌ಗಳಿವೆ ಎಂಬುದು. ಒಂದು ಲಕ್ಷ ಬ್ಲಾಕ್‌ಗಳಿದ್ದು ಎಲ್ಲವೂ /24 ಆಗಿದ್ದರೆ ಒಂದೇ ಪ್ರಶ್ನೆ. ಐವತ್ತೇ ಬ್ಲಾಕ್‌ಗಳಿದ್ದು ಅವುಗಳಲ್ಲಿ ಇಪ್ಪತ್ತು ಬಗೆಯ ಅಳತೆ ಇದ್ದರೆ ಇಪ್ಪತ್ತು ಪ್ರಶ್ನೆ. ಸೆಟ್ ಆರಿಸುವಾಗ ಜನ ‘ಎಷ್ಟು ಸಾವಿರ ವಿಳಾಸ ಇದೆ’ ಎಂದು ಲೆಕ್ಕ ಹಾಕುತ್ತಾರೆ. ಕೇಳಬೇಕಾದ್ದು ‘ಯಾವ ಆಕಾರದ ವಿಳಾಸ ಇದೆ’ ಎಂದು.

ಅಳತೆಗಳು ನಮಗೆ ಗೊತ್ತಿಲ್ಲದೆಯೂ ಹೆಚ್ಚುತ್ತವೆ. ಹ್ಯಾಶ್:ನೆಟ್‌ಗೆ 203.0.113.10ರಿಂದ 203.0.113.20ರವರೆಗೆ ಎಂದು ಹೇಳಿದರೆ ಅದು ಈ ಹನ್ನೊಂದು ವಿಳಾಸಗಳನ್ನು ನಾಲ್ಕು ಬ್ಲಾಕ್ ಮಾಡುತ್ತದೆ: 10ರಿಂದ /31, 12ರಿಂದ /30, 16ರಿಂದ /30, ಕೊನೆಗೆ 20 ಒಂದೇ /32. ಒಂದೇ ಸಾಲು ಬರೆದಿರಿ, ಮೂರು ಅಳತೆ ಒಳಗೆ ಬಂದವು. ಬ್ಲಾಕ್‌ಗಳನ್ನು ಒಟ್ಟುಗೂಡಿಸಿ ಪಟ್ಟಿ ಚಿಕ್ಕದು ಮಾಡುವ ಪ್ರೋಗ್ರಾಂಗಳೂ ಹೀಗೇ ಅಳತೆಗಳನ್ನು ಹೆಚ್ಚಿಸಬಹುದು. ಇದಕ್ಕೆ ತಿರುಗಾ ಕೆಲಸ ಮಾಡುವ ಸಾಧನವೂ ಇದೆ. ಫೈರ್‌ಹೋಲ್ ಯೋಜನೆಯ ಐಪಿರೇಂಜ್‌ಗೆ ಹೇಳಿದರೆ ನಮೂದುಗಳು ಸ್ವಲ್ಪ ಜಾಸ್ತಿಯಾದರೂ ಪರವಾಗಿಲ್ಲ ಎಂದು ಅಳತೆಗಳನ್ನು ಕಡಿಮೆ ಮಾಡಿಕೊಡುತ್ತದೆ. ಹಾಗಂತ ಸಣ್ಣ ಕಚೇರಿಯವರು ಇದಕ್ಕೆ ನಿದ್ದೆಗೆಡಬೇಕಿಲ್ಲ. ಐದು ಪ್ರಶ್ನೆಗೂ ಹದಿನೈದು ಪ್ರಶ್ನೆಗೂ ಇರುವ ವ್ಯತ್ಯಾಸ ನೂರು ಎಂಬಿಪಿಎಸ್ ಸಂಪರ್ಕದಲ್ಲಿ ಯಾರ ಗಮನಕ್ಕೂ ಬರುವುದಿಲ್ಲ. ದೊಡ್ಡ ಕಾಲೇಜಿನ ಗೇಟ್‌ವೇ (ಇಡೀ ನೆಟ್‌ವರ್ಕ್ ಹೊರಗೆ ಹೋಗುವ ಬಾಗಿಲಿನ ಯಂತ್ರ) ಆದರೆ ಯೋಚಿಸಬೇಕು.

ಚಿಕ್ಕದರಿಂದ ದೊಡ್ಡದಕ್ಕೆ ಹುಡುಕುವುದರಿಂದ ಒಂದು ಲಾಭವೂ ಇದೆ. ನೋಮ್ಯಾಚ್ ಎಂಬ ಗುರುತು ಹಾಕಿ ಬ್ಲಾಕ್‌ನ ಒಳಗೇ ವಿನಾಯಿತಿ ಕೊಡಬಹುದು. 203.0.113.0/24 ತಡೆದಿದ್ದೀರಿ, ಆದರೆ 203.0.113.40 ನಿಮ್ಮ ಸಾಫ್ಟ್‌ವೇರ್ ಕೊಟ್ಟವರ ಸರ್ವರ್. ಅದನ್ನು ನೋಮ್ಯಾಚ್ ಎಂದು ಸೇರಿಸಿ. /32 ಮೊದಲು ಸಿಗುವುದರಿಂದ ಹುಡುಕಾಟ ಅಲ್ಲಿಗೇ ನಿಂತು, ‘ಇದು ಪಟ್ಟಿಯಲ್ಲಿಲ್ಲ’ ಎಂಬ ಉತ್ತರ ಬರುತ್ತದೆ. ವಾಚ್‌ಮನ್‌ಗೆ ‘ಕೆಎ-11 ಯಾವುದನ್ನೂ ಬಿಡಬೇಡ, ಹಾಲಿನ ಗಾಡಿ ಒಂದನ್ನು ಬಿಟ್ಟು’ ಎಂದ ಹಾಗೆ.

ಇನ್ನೊಂದು ಸಣ್ಣ ವಿಷಯ. ‘ಇಡೀ ಇಂಟರ್‌ನೆಟ್’ ಎಂಬ ಅರ್ಥದ 0.0.0.0/0 ಅನ್ನು ಹ್ಯಾಶ್:ನೆಟ್ ಒಪ್ಪುವುದಿಲ್ಲ. ಬೇಕೇ ಬೇಕು ಎಂದರೆ 0.0.0.0/1 ಮತ್ತು 128.0.0.0/1 ಎಂದು ಎರಡು ಅರ್ಧ ಮಾಡಿ ಕೊಡಬೇಕು.

## ಎಲ್ಲ ಬ್ಲಾಕ್‌ಗಳೂ ಒಂದೇ ಅಳತೆಯಾದರೆ

ಹ್ಯಾಶ್:ಐಪಿಯಲ್ಲಿ ನೆಟ್‌ಮಾಸ್ಕ್ ಎಂಬ ಆಯ್ಕೆ ಇದೆ. ಜಾಸ್ತಿ ಜನ ಇದನ್ನು ನೋಡಿಯೇ ಇರುವುದಿಲ್ಲ. ಸೆಟ್ ಮಾಡುವಾಗ ನೆಟ್‌ಮಾಸ್ಕ್ 24 ಎಂದರೆ ಸೇರಿಸುವ ವಿಳಾಸವನ್ನೂ, ಬಂದ ಪ್ಯಾಕೆಟ್‌ನ ವಿಳಾಸವನ್ನೂ ಮೊದಲು /24ಕ್ಕೆ ಕತ್ತರಿಸಿ ಆಮೇಲೆ ನೋಡುತ್ತದೆ. ಒಂದು /24ಕ್ಕೆ ಒಂದೇ ನಮೂದು, ಒಂದೇ ಪ್ರಶ್ನೆ.

ಇದು ನಿಜವಾಗಿ ಉಪಯೋಗಕ್ಕೆ ಬರುವುದು ಐಪಿವಿ6ನಲ್ಲಿ. ಅಲ್ಲಿ ವಿಳಾಸ 128 ಬಿಟ್ ಉದ್ದ. ಸಾಮಾನ್ಯವಾಗಿ ಒಂದು ಮನೆಯ ನೆಟ್‌ವರ್ಕ್‌ಗೇ ಒಂದು /64 ಸಿಗುತ್ತದೆ. ಅದರೊಳಗೆ ಒಂದೇ ಕಂಪ್ಯೂಟರ್ ಗಳಿಗೆಗೊಂದು ವಿಳಾಸ ಹಾಕಿಕೊಳ್ಳಬಹುದು. ಒಂಟಿ ಐಪಿವಿ6 ವಿಳಾಸ ತಡೆದು ಏನೂ ಪ್ರಯೋಜನವಿಲ್ಲ, /64ನ್ನೇ ತಡೆಯಬೇಕು. ಹ್ಯಾಶ್:ಐಪಿ, ನೆಟ್‌ಮಾಸ್ಕ್ 64 ಎಂದರೆ ಮುಗಿಯಿತು. ಐಪಿವಿ4 ಮತ್ತು ಐಪಿವಿ6 ಎರಡನ್ನೂ ಒಂದೇ ಸೆಟ್‌ನಲ್ಲಿ ಇಡುವಂತಿಲ್ಲ ಎಂಬುದು ನೆನಪಿರಲಿ. ಐಪಿವಿ4ಗೆ ಅಚ್ಚುಕಟ್ಟಾಗಿ ಪಟ್ಟಿ ಮಾಡಿ, ಐಪಿವಿ6 ಬಾಗಿಲನ್ನು ಹಾಗೇ ತೆರೆದಿಟ್ಟ ಕಚೇರಿಗಳು ಬೇಕಾದಷ್ಟಿವೆ.

## ಪೋರ್ಟ್, ಮ್ಯಾಕ್, ಉಳಿದವು

ಹ್ಯಾಶ್:ಐಪಿ,ಪೋರ್ಟ್ ಎಂದರೆ ವಿಳಾಸ ಮತ್ತು ಪೋರ್ಟ್ ಎರಡೂ ಜೊತೆಯಾಗಿ ಹೊಂದಬೇಕು. ಆಡಿಟರ್ ಕಚೇರಿಯ ವಿಳಾಸದಿಂದ ರಿಮೋಟ್ ಡೆಸ್ಕ್‌ಟಾಪ್‌ನ 3389 ಪೋರ್ಟ್‌ಗೆ ಮಾತ್ರ ಬಿಡಬೇಕು, ಬೇರೆ ಯಾವುದಕ್ಕೂ ಬೇಡ ಎಂದರೆ ಇದು. ಹ್ಯಾಶ್:ನೆಟ್,ಪೋರ್ಟ್‌ನಲ್ಲಿ ವಿಳಾಸದ ಜಾಗದಲ್ಲಿ ಬ್ಲಾಕ್ ಇಡಬಹುದು. ರೂಲ್ ಬರೆಯುವಾಗ ಎರಡಕ್ಕೂ ದಿಕ್ಕು ಹೇಳಬೇಕು: ವಿಳಾಸ ಕಳಿಸಿದವರದು, ಪೋರ್ಟ್ ತಲುಪುವ ಕಡೆಯದು.

ಹ್ಯಾಶ್:ಮ್ಯಾಕ್ ಯಂತ್ರದ ಮ್ಯಾಕ್ ನಂಬರನ್ನು, ಅಂದರೆ ಅದರ ನೆಟ್‌ವರ್ಕ್ ಕಾರ್ಡಿನ ಗುರುತಿನ ಸಂಖ್ಯೆಯನ್ನು, ಇಡುತ್ತದೆ. ಮ್ಯಾಕ್ ನಂಬರ್ ನಿಮ್ಮ ಒಳಗಿನ ನೆಟ್‌ವರ್ಕ್ ದಾಟಿ ಆಚೆ ಹೋಗುವುದಿಲ್ಲ, ಆಚೆಯಿಂದ ಬರುವುದೂ ಇಲ್ಲ. ಹೊರಗಿನ ದಾಳಿಗೆ ಇದು ಉಪಯೋಗವಿಲ್ಲ. ಹಾಸ್ಟೆಲ್ ವೈಫೈನಲ್ಲಿ ಇದನ್ನು ನಂಬಿಕೊಳ್ಳುವವರಿಗೂ ಒಂದು ಮಾತು: ಆಂಡ್ರಾಯ್ಡ್ 10 ಮತ್ತು ಐಓಎಸ್ 14ರಿಂದೀಚೆಗೆ ಫೋನ್‌ಗಳು ವೈಫೈಗೆ ತಮ್ಮ ನಿಜವಾದ ಮ್ಯಾಕ್ ಬದಲು ಬೇರೊಂದನ್ನು ಹೇಳುವುದೇ ರೂಢಿ.

ಲಿಸ್ಟ್:ಸೆಟ್ ಎಂದರೆ ಸೆಟ್‌ಗಳ ಪಟ್ಟಿ. ಮೂರ್ನಾಲ್ಕು ಸೆಟ್‌ಗಳನ್ನು ಒಂದು ಹೆಸರಿನಡಿ ತಂದು ಒಂದೇ ರೂಲ್‌ನಲ್ಲಿ ಮುಗಿಸಲು ಬೇಕಾಗುತ್ತದೆ.

## ಎಷ್ಟು ಹೊತ್ತು ತಡೆಯಬೇಕು?

ಇದನ್ನೂ ಸೆಟ್ ಮಾಡುವಾಗಲೇ ಯೋಚಿಸಬೇಕು. ಟೈಮ್‌ಔಟ್ ಆಯ್ಕೆ ಹಾಕಿ ಸೆಟ್ ಮಾಡಿದರೆ ಮಾತ್ರ ಆಮೇಲೆ ಪ್ರತಿ ವಿಳಾಸಕ್ಕೂ ಇಷ್ಟು ಸೆಕೆಂಡ್ ಎಂದು ಹೇಳಬಹುದು. ಹೊತ್ತು ಮುಗಿದರೆ ವಿಳಾಸ ತಾನಾಗಿ ಪಟ್ಟಿಯಿಂದ ಹೋಗುತ್ತದೆ. ಗರಿಷ್ಠ 21,47,483 ಸೆಕೆಂಡ್, ಅಂದರೆ 25 ದಿನಕ್ಕೆ ಸ್ವಲ್ಪ ಕಡಿಮೆ. 0 ಎಂದರೆ ಖಾಯಂ.

ಖಾಯಂ ತಡೆ ಕೇಳಲು ಚೆನ್ನಾಗಿದೆ, ಆದರೆ ನಮ್ಮಲ್ಲಿ ಅದಕ್ಕೊಂದು ತೊಡಕಿದೆ. ಮೊಬೈಲ್ ಇಂಟರ್‌ನೆಟ್‌ನಲ್ಲಿ, ಎಷ್ಟೋ ಮನೆಗಳ ಬ್ರಾಡ್‌ಬ್ಯಾಂಡ್‌ನಲ್ಲಿ ಕೂಡ, ಹಲವು ಗ್ರಾಹಕರು ಸೇರಿ ಹೊರಗೆ ಒಂದೇ ವಿಳಾಸ ತೋರಿಸುತ್ತಾರೆ. ಇದಕ್ಕೆ ಸಿಜಿ-ನ್ಯಾಟ್ ಎನ್ನುತ್ತಾರೆ. ನಿಮ್ಮ ರೂಟರ್‌ನ ಹೊರಗಿನ ವಿಳಾಸ 100.64ರಿಂದ 100.127ರ ಒಳಗೆ ಶುರುವಾಗುತ್ತಿದ್ದರೆ ನೀವೂ ಅದರ ಒಳಗೇ ಇದ್ದೀರಿ. ಹಾಗಿರುವಾಗ ವೈರಸ್ ಹಿಡಿದ ಯಾರದ್ದೋ ಫೋನ್‌ಗಾಗಿ ಒಂದು ವಿಳಾಸವನ್ನು ಖಾಯಂ ತಡೆದರೆ, ಅದೇ ವಿಳಾಸದ ಹಿಂದಿರುವ ಮದ್ದೂರಿನ ಗಿರಾಕಿಗೂ ನಿಮ್ಮ ಸೈಟ್ ತೆರೆಯುವುದಿಲ್ಲ. ನಾಳೆ ನಿಮ್ಮ ಫೋನ್‌ಗೇ ಆ ವಿಳಾಸ ಬರಬಹುದು.

ಪಾಸ್‌ವರ್ಡ್ ತಪ್ಪು ಮಾಡಿದವರನ್ನು ತಾನಾಗಿ ತಡೆಯುವ ಫೈಲ್2ಬ್ಯಾನ್ ಕೂಡ ಮೊದಲಿಗೆ ಹತ್ತು ನಿಮಿಷ ಮಾತ್ರ ತಡೆಯುವಂತೆ ಇರುತ್ತದೆ. ಅದನ್ನು ಒಂದು ದಿನಕ್ಕೆ ಏರಿಸಬಹುದು. ವರ್ಷಗಟ್ಟಲೆ ಬೇಡ.

## ಮಂಡಿಯ ಕಂಪ್ಯೂಟರ್‌ಗೆ ಹಾಕಿ ನೋಡೋಣ

ಮಂಡ್ಯದ ಒಂದು ಬೆಲ್ಲದ ಮಂಡಿ. ಲಿನಕ್ಸ್ ಯಂತ್ರವೊಂದು ಗೇಟ್‌ವೇ. ಮಾಲೀಕರು ಮೊಬೈಲ್‌ನಲ್ಲಿ ಕ್ಯಾಮೆರಾ ನೋಡುತ್ತಾರೆ, ಮೈಸೂರಿನ ಆಡಿಟರ್ ತಿಂಗಳಿಗೊಮ್ಮೆ ಲೆಕ್ಕದ ಕಂಪ್ಯೂಟರ್‌ಗೆ ಬರುತ್ತಾರೆ.

ಮೊದಲ ಸೆಟ್ ಬಿಡುವವರದ್ದು. ಆಡಿಟರ್ ಕಚೇರಿಗೆ ಸ್ಟ್ಯಾಟಿಕ್ ಐಪಿ ಇದ್ದರೆ ಆ ವಿಳಾಸ ಮತ್ತು 3389, ಹ್ಯಾಶ್:ಐಪಿ,ಪೋರ್ಟ್‌ನಲ್ಲಿ. ಟೈಮ್‌ಔಟ್ ಬೇಡ. ಉಳಿದವರಿಗೆಲ್ಲ 3389 ಮುಚ್ಚಿರಲಿ. ಬಿಡುವವರ ಪಟ್ಟಿ ಯಾವತ್ತೂ ತಡೆಯುವವರ ಪಟ್ಟಿಗಿಂತ ಚಿಕ್ಕದು, ಅಷ್ಟೇ ಗಟ್ಟಿ ಕೂಡ.

ಎರಡನೆಯದು ತಾತ್ಕಾಲಿಕ ತಡೆ. ಲಾಗ್ ನೋಡಿ ಪ್ರೋಗ್ರಾಂ ಸೇರಿಸುವುದೆಲ್ಲ ಒಂಟಿ ವಿಳಾಸಗಳು, ಹಾಗಾಗಿ ಹ್ಯಾಶ್:ಐಪಿ, ಟೈಮ್‌ಔಟ್ 86,400 ಸೆಕೆಂಡ್, ಅಂದರೆ ಒಂದು ದಿನ.

ಮೂರನೆಯದು ಹೊರಗಿನಿಂದ ತಂದ ದೊಡ್ಡ ಪಟ್ಟಿ. ಹ್ಯಾಶ್:ನೆಟ್. ತರುವ ಮೊದಲು ಸಾಲುಗಳನ್ನು ಎಣಿಸಿ, ಮ್ಯಾಕ್ಸ್‌ಎಲೆಮ್ ಅದರ ಎರಡರಷ್ಟಾದರೂ ಇಡಿ. ಇಂಥ ಪಟ್ಟಿಗಳಲ್ಲಿ 10.0.0.0/8, 192.168.0.0/16 ಎಂಬ ಖಾಸಗಿ ಬ್ಲಾಕ್‌ಗಳೂ ಕೆಲವೊಮ್ಮೆ ಸೇರಿರುತ್ತವೆ. ನೋಡದೆ ಹಾಕಿದರೆ ಮಂಡಿಯ ಸ್ವಂತ ಕಂಪ್ಯೂಟರ್‌ಗಳನ್ನೇ ತಡೆದ ಹಾಗಾಗುತ್ತದೆ.

ಕ್ಯಾಮೆರಾ? ಮಾಲೀಕರ ಮೊಬೈಲ್ ವಿಳಾಸ ದಿನಾ ಬದಲಾಗುತ್ತದೆ, ಯಾವ ಸೆಟ್‌ನಲ್ಲೂ ಹಿಡಿದಿಡಲು ಆಗುವುದಿಲ್ಲ. ಅದಕ್ಕೆ ವಿಪಿಎನ್ (ಗುರುತು ತೋರಿಸಿದವರಿಗಷ್ಟೇ ತೆರೆಯುವ ಗುಪ್ತ ದಾರಿ) ಹಾಕುವುದೇ ಸರಿ. ಸೆಟ್ ಎಷ್ಟೇ ಜಾಣತನದಿಂದ ಆರಿಸಿದರೂ ಮಾಡಲಾಗದ ಕೆಲಸವನ್ನು ಅದರಿಂದ ಮಾಡಿಸಲು ಹೋಗಬಾರದು.

ರೂಲ್‌ಗಳ ಅನುಕ್ರಮದಲ್ಲಿ ಒಂದು ಸೂಕ್ಷ್ಮ ಇದೆ. ‘ಆಗಲೇ ನಡೆಯುತ್ತಿರುವ ಸಂಪರ್ಕಗಳನ್ನು ಬಿಡು’ ಎಂಬ ರೂಲ್ ಸಾಮಾನ್ಯವಾಗಿ ಮೇಲೇ ಇರುತ್ತದೆ. ಹಾಗಾಗಿ ಸೆಟ್‌ಗಳ ತಪಾಸಣೆ ಹೊಸ ಸಂಪರ್ಕಗಳಿಗೆ ಮಾತ್ರ, ವೇಗಕ್ಕೆ ಒಳ್ಳೆಯದು. ಆದರೆ ಒಳಗೆ ಬಂದಾಗಿರುವ ವಿಳಾಸವನ್ನು ಈಗ ಸೆಟ್‌ಗೆ ಸೇರಿಸಿದರೂ ಆ ಸಂಪರ್ಕ ಮುಂದುವರಿಯುತ್ತದೆ. ಅದನ್ನು ಬೇರೆಯಾಗಿ ಕಡಿಯಬೇಕು.

## ಎನ್‌ಎಫ್‌ಟೇಬಲ್ಸ್ ಇದ್ದರೆ

2014ರಲ್ಲಿ ಕರ್ನೆಲ್ 3.13ರ ಜೊತೆ ಬಂದ ಎನ್‌ಎಫ್‌ಟೇಬಲ್ಸ್ ಈಗ ಐಪಿಟೇಬಲ್ಸ್‌ನ ಜಾಗ ತೆಗೆದುಕೊಳ್ಳುತ್ತಿದೆ. ಡೆಬಿಯನ್ 2019ರಿಂದ, ರೂಟರ್‌ಗಳ ಓಪನ್‌ಡಬ್ಲ್ಯುಆರ್‌ಟಿ 2022ರ 22.03ರಿಂದ ಅದನ್ನೇ ಬಳಸುತ್ತಿವೆ. ಇಲ್ಲಿ ಸೆಟ್ ಅದರೊಳಗೇ ಇದೆ, ಐಪಿಸೆಟ್ ಬೇರೆ ಬೇಕಿಲ್ಲ. ಬಗೆಯ ಹೆಸರನ್ನೂ ನೀವು ಆರಿಸಬೇಕಿಲ್ಲ. ಒಂಟಿ ವಿಳಾಸಗಳೋ ಬ್ಲಾಕ್‌ಗಳೋ ಎಂದು ಹೇಳಿದರೆ ಕರ್ನೆಲ್ ತಾನೇ ವಿಧಾನ ಆರಿಸುತ್ತದೆ. ಒಂಟಿಯಾದರೆ ಹ್ಯಾಶ್. ಬ್ಲಾಕ್‌ಗಳಿವೆ ಎಂದು ಹೇಳಲು ಇಂಟರ್‌ವಲ್ ಎಂಬ ಗುರುತು ಹಾಕಬೇಕು.

ಒಂದರೊಳಗೊಂದು ಬೀಳುವ ಬ್ಲಾಕ್‌ಗಳನ್ನು ಐಪಿಸೆಟ್ ಸುಮ್ಮನೆ ಒಪ್ಪಿಕೊಳ್ಳುತ್ತಿತ್ತು. ಎನ್‌ಎಫ್‌ಟೇಬಲ್ಸ್ ತಕರಾರು ತೆಗೆಯುತ್ತದೆ. ಆಟೋ-ಮರ್ಜ್ ಎಂದು ಸೇರಿಸಿದರೆ ತಾನೇ ಕೂಡಿಸಿಕೊಳ್ಳುತ್ತದೆ. ಹಳೇ ಪಟ್ಟಿಯನ್ನು ಹಾಗೇ ತಂದು ಸುರಿದವರು ಮೊದಲು ಎಡವುವುದು ಇಲ್ಲೇ.

## ಪಟ್ಟಿ ಬದಲಾಯಿಸುವುದು, ಉಳಿಸಿಕೊಳ್ಳುವುದು

ದೊಡ್ಡ ಪಟ್ಟಿಯ ಹೊಸ ಪ್ರತಿ ಬಂದಾಗ ಹಳೆಯದನ್ನು ಖಾಲಿ ಮಾಡಿ ತುಂಬಿಸಲು ಹೋಗಬೇಡಿ. ತುಂಬುವಷ್ಟು ಹೊತ್ತು ಗೇಟ್ ತೆರೆದಿರುತ್ತದೆ. ಬೇರೆ ಹೆಸರಿನಲ್ಲಿ ಅದೇ ಬಗೆಯ ಸೆಟ್ ಮಾಡಿ, ಪೂರ್ತಿ ತುಂಬಿ, ಆಮೇಲೆ ಸ್ವಾಪ್ ಆಜ್ಞೆ ಕೊಡಿ. ಎರಡೂ ಅದಲು ಬದಲಾಗುತ್ತವೆ, ರೂಲ್ ಮುಟ್ಟಬೇಕಿಲ್ಲ. ಹಳೆಯದನ್ನು ಆಮೇಲೆ ಅಳಿಸಿ. ರೂಲ್ ಬಳಸುತ್ತಿರುವ ಸೆಟ್ ಅನ್ನು ಅಳಿಸಲು ಹೋದರೆ ಐಪಿಸೆಟ್ ಬಿಡುವುದಿಲ್ಲ.

ಸೆಟ್‌ಗಳು ಇರುವುದು ಮೆಮೊರಿಯಲ್ಲಿ ಮಾತ್ರ. ಕರೆಂಟ್ ಹೋಗಿ ಯುಪಿಎಸ್ ಕೂಡ ಕೈಕೊಟ್ಟು ಯಂತ್ರ ಮತ್ತೆ ಶುರುವಾದರೆ ಪಟ್ಟಿ ಪೂರ್ತಿ ಮಾಯ. ಸೇವ್ ಆಜ್ಞೆಯಿಂದ ಫೈಲ್‌ಗೆ ಬರೆದಿಟ್ಟು, ಯಂತ್ರ ಶುರುವಾಗುವಾಗ ರಿಸ್ಟೋರ್ ಮಾಡಿಸಬೇಕು. ಅದೂ ಐಪಿಟೇಬಲ್ಸ್ ರೂಲ್‌ಗಳು ಬರುವುದಕ್ಕೆ ಮುಂಚೆ. ಹೆಸರಿಸಿದ ಸೆಟ್ ಇಲ್ಲದಿದ್ದರೆ ಆ ರೂಲ್ ಲೋಡ್ ಆಗುವುದಿಲ್ಲ. ರೂಲ್‌ಗಳನ್ನೆಲ್ಲ ಒಂದೇ ಫೈಲ್‌ನಿಂದ ಒಟ್ಟಿಗೆ ತರಿಸುತ್ತಿದ್ದರೆ ಆ ಒಂದು ಸಾಲಿನಿಂದ ಉಳಿದ ಸಾಲುಗಳೂ ನಿಲ್ಲುತ್ತವೆ. ಒಮ್ಮೆ ಬೇಕೆಂದೇ ಯಂತ್ರ ರೀಸ್ಟಾರ್ಟ್ ಮಾಡಿ, ಸೆಟ್‌ಗಳ ಪಟ್ಟಿ ತೆಗೆದು ನೋಡಿ. ಪ್ರತಿ ಸೆಟ್‌ನ ತಲೆಯ ಮೇಲೆ ಅದರ ಬಗೆ, ಮ್ಯಾಕ್ಸ್‌ಎಲೆಮ್, ಹಿಡಿದಿರುವ ಮೆಮೊರಿ, ಎಷ್ಟು ರೂಲ್‌ಗಳು ಅದನ್ನು ಬಳಸುತ್ತಿವೆ ಎಂಬುದೆಲ್ಲ ಇರುತ್ತದೆ. ಬಳಸುವ ರೂಲ್‌ಗಳ ಸಂಖ್ಯೆ 0 ಎಂದಿದ್ದರೆ ಪಟ್ಟಿ ತುಂಬಿದೆ, ಆದರೆ ಯಾವ ರೂಲ್ ಕೂಡ ಅದನ್ನು ನೋಡುತ್ತಿಲ್ಲ.